ಹುಡುಕಿದ ಗುಂಡಿ, ತೆಗೆದ ಗುಂಡಿ

ನನಗೆ ಅನುಮಾನ ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ. ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ಎರಡು ಸಲ ಓದುತ್ತೇನೆ. ಪಕ್ಕದ ಮನೆಯಾಕೆ ಬೆಳಿಗ್ಗೆ ಒಂಚೂರು ಹೆಚ್ಚು ನಕ್ಕರೆ, ಕಸದ ಡಬ್ಬಿಯನ್ನು ತಪ್ಪು ದಿನ ಹೊರಗಿಟ್ಟೆನೇ ಎಂದು ಓಡಿಹೋಗಿ ನೋಡುತ್ತೇನೆ. ಹೊಟ್ಟೆಪಾಡಿನ ಕೆಲಸವೂ ಅಂಥದ್ದೇ. ಡಚ್ಚರ ನಾಡಿನ ನ್ಯೂವೆಗೈನ್‌ನ ಆಫೀಸೊಂದರಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತೇನೆ. ನನ್ನ ಗಂಡ ಪತ್ತೇದಾರಮ್ಮ ಎಂದು ಹೆಸರಿಟ್ಟಿದ್ದಾನೆ. ಇಟ್ಟುಕೊಳ್ಳಲಿ. ಈ ಚಟ ನನಗೆ ಎಲ್ಲಿಂದ ಅಂಟಿತು ಎಂಬುದನ್ನು ಮಾತ್ರ ಅವನಿಗೂ ಹೇಳಿರಲಿಲ್ಲ.

ಅಂಟಿದ್ದು ನನ್ನ ಅಪ್ಪನಿಂದ. ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಹುಡುಕುವ ಕಂಟ್ರಾಕ್ಟರನೊಬ್ಬನ ಕೈಕೆಳಗೆ ಅಪ್ಪ ಸ್ಯಾಂಪಲ್ ತೆಗೆಯುವ ಕೆಲಸ ಮಾಡುತ್ತಿದ್ದರು. ಗುಡ್ಡದ ಮೇಲೆ ಗುಂಡಿ ತೋಡಿಸುವುದು, ಗೋಡೆಯಿಂದ ಮಣ್ಣು ಕೆರೆದು ಚೀಲ ಕಟ್ಟಿ ಚೀಟಿ ಅಂಟಿಸಿ ಕಳಿಸುವುದು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಗುಡ್ಡದ ಚೀಲಗಳಲ್ಲಿ ಭಾರೀ ಅದಿರು ಬಂತು. ಯಂತ್ರ ತಂದು ಅಗೆದರೆ ಕೆಳಗೆ ಬರೀ ಮಣ್ಣು. ಸ್ಯಾಂಪಲ್ ತೆಗೆದವನೇ ಬೇರೆ ಗುಡ್ಡದ ಅದಿರು ತಂದು ಚೀಲಕ್ಕೆ ಬೆರೆಸಿದ್ದಾನೆ ಎಂದು ಸುದ್ದಿಯಾಯಿತು. ಅಪ್ಪ ಆರು ತಿಂಗಳು ಮನೆಯಲ್ಲಿ ಕೂತರು. ಆಮೇಲೆ ಬಾ ಎಂದು ಕರೆದರು, ಹೋದರು. ತಪ್ಪು ಮಾಡಿದ್ದಾನೆ ಎಂದೂ ಯಾರೂ ಹೇಳಲಿಲ್ಲ, ಮಾಡಿಲ್ಲ ಎಂದೂ ಹೇಳಲಿಲ್ಲ. ಅದೇ ವರ್ಷ ನನಗೆ ಹೊಸ ಸೈಕಲ್ ಬಂದಿತ್ತು. "ಇದು ಯಾವ ಗುಡ್ಡದ ಸೈಕಲ್ಲೇ?" ಎಂದು ಒಬ್ಬಳು ಶಾಲೆಯ ಗೇಟಿನಲ್ಲಿ ಕೇಳಿದಳು. ನಾನು ಅಪ್ಪನನ್ನು ಏನೂ ಕೇಳಲಿಲ್ಲ. ಸೈಕಲ್ ಹತ್ತುವುದನ್ನು ಬಿಟ್ಟೆ.

ಅಪ್ಪ ಮೊನ್ನೆಯ ಆಗಸ್ಟಿನಲ್ಲಿ ಮೂರು ತಿಂಗಳ ವೀಸಾ ಮೇಲೆ ನಮ್ಮಲ್ಲಿಗೆ ಬಂದರು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಮ್ಮ ಊರು ಇರುವುದು ದೇಶದ ನಡುಭಾಗದ ಮರಳು ದಿಬ್ಬಗಳ ಅಂಚಿನಲ್ಲಿ. ಮನೆಯ ಹಿಂದಿನ ಸೈಕಲ್ ದಾರಿ ದಾಟಿದರೆ ಇಲ್ಲಿಯವರು ‘ಹೈಡೆ’ ಎನ್ನುವ ಎತ್ತರದ ಬಯಲು. ಮೊಣಕಾಲುದ್ದದ ಕುರುಚಲು ಗಿಡ, ಆಗಸ್ಟಿನಲ್ಲಿ ಪೂರ್ತಿ ನೇರಳೆ ಹೂವು. ಎಲ್ಲರೂ ಫೋಟೋ ತೆಗೆಯಲು ಬರುತ್ತಾರೆ. ಅಪ್ಪ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ.

"ಅವ್ವಾ, ಇಲ್ಲಿ ಯಾರೋ ಅಗದಾರ," ಎಂದರು ಎರಡನೆಯ ದಿನ ವಾಕಿಂಗ್ ಮುಗಿಸಿ ಬಂದು.

"ಯಾರು ಅಗೀತಾರೆ ಅಪ್ಪ, ಪ್ರೊಟೆಕ್ಟೆಡ್ ಏರಿಯಾ ಅದು. ಒಂದು ಕಡ್ಡಿ ಮುರಿಯಂಗಿಲ್ಲ."

"ಈಗಲ್ಲ. ಹಳೇದು. ಬಾಳ ಹಳೇದು. ಗುಂಡಿ ಸಾಲೈತಿ."

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಬೆಳಿಗ್ಗೆ ಚಹಾ ಕುಡಿದು ಮಾಯ. ಬರುವಾಗ ಬೂಟಿನ ತುಂಬ ಮರಳು, ಪ್ಯಾಂಟಿಗೆ ಮಣ್ಣು, ಜೇಬು ಉಬ್ಬಿರುತ್ತಿತ್ತು. ಜೇಬಿನಲ್ಲಿ ಏನು ಎಂದು ಕೇಳಿದರೆ "ಕರವಸ್ತ್ರ" ಎನ್ನುತ್ತಿದ್ದರು. ಯಾವ ಕರವಸ್ತ್ರ ಅಷ್ಟು ದಪ್ಪ ಇರುತ್ತದೆ? ಅವರು ಸ್ನಾನಕ್ಕೆ ಹೋದಾಗ ನಾನು ಪ್ಯಾಂಟಿನ ಜೇಬು ತಡವಿ ನೋಡಿದ್ದುಂಟು. ಕರವಸ್ತ್ರವೇ ಇತ್ತು, ಅದರೊಳಗೆ ನಾಲ್ಕು ಶೇಂಗಾ. ನಾಚಿಕೆಯಾಯಿತು. ಮರುದಿನ ಮತ್ತೆ ನೋಡಿದೆ.

ಒಂದು ಭಾನುವಾರ ನಾನೂ ಜೊತೆಗೆ ಹೋದೆ, ಕಾವಲಿಗೆ ಎಂದೇ ಅನ್ನಿ. ದಿಬ್ಬದ ಮೇಲೆ ನಿಜವಾಗಿಯೂ ಗುಂಡಿಗಳಿದ್ದವು. ನನ್ನ ಕಣ್ಣಿಗೆ ಅವು ಬರೀ ತಗ್ಗು, ಹೂಗಿಡ ಬೆಳೆದ ತಗ್ಗು. ಅಪ್ಪ ಒಂದರೊಳಗೆ ಇಳಿದು, ಕುಕ್ಕರುಗಾಲಲ್ಲಿ ಕೂತು ಅಂಚು ಸವರುತ್ತಿದ್ದರು. ಅಷ್ಟರಲ್ಲಿ ಒಬ್ಬ ಎತ್ತರದ ಹೆಂಗಸು, ಎಪ್ಪತ್ತರ ಮೇಲಿರಬೇಕು, ಕೈಯಲ್ಲಿ ನಕ್ಷೆ ಹಿಡಿದು ದಾಪುಗಾಲು ಹಾಕುತ್ತ ನಮ್ಮ ಮುಂದೆ ಬಂದು ನಿಂತರು. ಗುಂಡಿಯಲ್ಲಿ ಏನು ಮಾಡುತ್ತಿದ್ದೀರಿ, ಅಗೆಯುತ್ತಿದ್ದೀರಾ ಎಂದು ಡಚ್ಚಿನಲ್ಲಿ ಕೇಳಿದರು. ಅವರ ಕಣ್ಣು ಅಪ್ಪನ ಜೇಬಿನ ಮೇಲಿತ್ತು. ಆಹಾ, ನನ್ನ ಜಾತಿಯವರೇ ಸಿಕ್ಕರಲ್ಲ ಎಂದುಕೊಂಡೆ.

ಅಪ್ಪ ಎದ್ದು ನಿಂತು, ತಮ್ಮ ಆಫೀಸು ಇಂಗ್ಲಿಷಿನಲ್ಲಿ, "ಮೇಡಂ, ದಿಸ್ ಈಸ್ ಎ ಪ್ರಾಸ್ಪೆಕ್ಟಿಂಗ್ ಪಿಟ್. ಐ ಹ್ಯಾವ್ ಮೇಡ್ ಹಂಡ್ರೆಡ್ಸ್" ಎಂದರು. ಅದಿರು ಹುಡುಕಲು ತೋಡಿದ ಗುಂಡಿ ಇದು, ಇಂಥವನ್ನು ನೂರಾರು ತೋಡಿಸಿದ್ದೇನೆ ಎಂದು. ಆ ಹೆಂಗಸಿನ ಮುಖವೇ ಬದಲಾಯಿತು. ಅವರು ನಿವೃತ್ತ ಭೂಗೋಳದ ಮೇಷ್ಟ್ರು, ಮೇಷ್ಟ್ರಮ್ಮ ಎಂದೇ ಕರೆಯುತ್ತೇನೆ. ಸಾವಿರ ವರ್ಷಕ್ಕೂ ಹಿಂದೆ ಈ ದಿಬ್ಬಗಳಲ್ಲಿ ಜನ ಕಬ್ಬಿಣದ ಕಲ್ಲು ಅಗೆದು ಕರಗಿಸುತ್ತಿದ್ದರಂತೆ. ವಿಮಾನದಿಂದ ಲೇಸರ್ ಬಿಟ್ಟು ಮಾಡಿದ ನಕ್ಷೆಯಲ್ಲಿ ಆ ಗುಂಡಿಗಳು ಚುಕ್ಕಿಗಳಾಗಿ ಕಾಣುತ್ತವೆ. ಪ್ರತಿ ಚುಕ್ಕಿಯ ಬಳಿಗೂ ಹೋಗಿ, ಇದು ಅದಿರಿನ ಗುಂಡಿಯೋ, ಯುದ್ಧದ ಕಾಲದಲ್ಲಿ ಸೈನಿಕರು ತೋಡಿದ್ದೋ, ಮರ ಬುಡಮೇಲಾಗಿ ಬಿದ್ದ ತಗ್ಗೋ ಎಂದು ಗುರುತು ಹಾಕುವುದು ಮೇಷ್ಟ್ರಮ್ಮನ ಸ್ವಯಂಸೇವಕರ ಗುಂಪಿನ ಕೆಲಸ. ಶನಿವಾರ ಬನ್ನಿ ಎಂದು ಅಪ್ಪನನ್ನು ಕರೆದೇಬಿಟ್ಟರು.

ಶನಿವಾರಗಳು ಅಪ್ಪನವಾದವು. ಏಳೆಂಟು ಜನ ಬೆಳ್ಳಿಕೂದಲಿನವರು, ನಡುವೆ ಮಂಕಿ ಕ್ಯಾಪ್ ಹಾಕಿದ ನನ್ನ ಅಪ್ಪ, ಪಕ್ಕದಲ್ಲಿ ದುಭಾಷಿಯಾಗಿ ನಾನು.

"ಗುಂಡಿ ಎರಡು ಥರ," ಎಂದು ಅಪ್ಪ ಪಾಠ ಹೇಳುತ್ತಿದ್ದರು. "ಒಂದು ಹುಡುಕಿದ ಗುಂಡಿ, ಒಂದು ತೆಗೆದ ಗುಂಡಿ. ಅದಿರು ಸಿಕ್ಕ ಜಾಗದಾಗ ಗುಂಡಿ ಒಂದರ ಮೈಮ್ಯಾಲ ಒಂದು ಬಿದ್ದಿರ್ತಾವ. ಹುಡುಕೋನು ಹಂಗ ಮಾಡಂಗಿಲ್ಲ. ಒಂದು ತೋಡ್ತಾನ, ಇಲ್ಲ. ಹತ್ತು ಹೆಜ್ಜೆ ಆಚೆ ಇನ್ನೊಂದು ತೋಡ್ತಾನ, ಇಲ್ಲ. ಸಾಲಾಗಿ ಹೋಗ್ತಾನ. ಈ ಸಾಲು ನೋಡ್ರಿ. ಪಾಪ, ಈ ಮನುಷ್ಯಾಗ ಏನೂ ಸಿಕ್ಕಿಲ್ಲ."

ಗುಂಪಿನಲ್ಲಿ ಬಿಳಿಗಡ್ಡದವರೊಬ್ಬರಿದ್ದರು. ಅವರಿಗೆ ಇದು ಹಿಡಿಸಲಿಲ್ಲ. ಆ ಸಾಲಿನಲ್ಲೂ ಅದಿರು ತೆಗೆದಿದ್ದಾರೆ ಎಂದು ವರ್ಷಗಳಿಂದ ಹೇಳಿಕೊಂಡು ಬಂದವರು ಅವರು. ಮುಗುಳ್ನಗುತ್ತಲೇ ಕೇಳಿದರು, "ಮೇಲಿಂದ ನೋಡಿಯೇ ತಳದಲ್ಲಿ ಏನಿದೆ ಎಂದು ಹೇಳುತ್ತೀರಾ, ಮೆನೇರ್?" ಮೆನೇರ್ ಎಂದರೆ ಇಲ್ಲಿ ‘ಸಾರ್’ ಎಂದ ಹಾಗೆ. ಆದರೆ ಅಂದವರ ದನಿಯಲ್ಲಿ ಮರ್ಯಾದೆ ಇರಲಿಲ್ಲ.

"ಹೇಳ್ತೀನಿ. ಬೇಕಾದ್ರ ಅಗದು ನೋಡ್ರಿ," ಎಂದರು ಅಪ್ಪ.

ಅಗೆದು ನೋಡುವ ದಿನವೂ ಬಂದೇಬಿಟ್ಟಿತು. ಗುಂಪು ಎಷ್ಟೋ ಕಾಲದ ಹಿಂದೆಯೇ ಅರ್ಜಿ ಹಾಕಿತ್ತಂತೆ. ಆ ಸಾಲಿನ ಒಂದೇ ಒಂದು ಗುಂಡಿಯನ್ನು ಅಡ್ಡ ಸೀಳಿ ನೋಡಲು, ಪುರಾತತ್ವದ ಯುವತಿಯೊಬ್ಬಳ ಸಮ್ಮುಖದಲ್ಲಿ, ಸೆಪ್ಟೆಂಬರ್ ಕೊನೆಯ ಶನಿವಾರಕ್ಕೆ ಅನುಮತಿ ಸಿಕ್ಕಿತು. ಗುಂಪಿನವರೆಲ್ಲ ಖುಷಿಯಾಗಿದ್ದರು. ನಾನು ಮಾತ್ರ ಆ ಶನಿವಾರ ಮಳೆ ಬರುತ್ತದೆಯೇ ಎಂದು ದಿನಾ ಫೋನಿನಲ್ಲಿ ನೋಡುತ್ತಿದ್ದೆ. ಜನರ ಮುಂದೆ ಅಪ್ಪನ ಮಾತು ಮತ್ತೊಮ್ಮೆ ಗುಂಡಿಗೆ ಇಳಿಯುತ್ತಿತ್ತು. ಮೊದಲನೆಯ ಸಲ ಏನಾಯಿತು ಎಂದು ಆ ಬಯಲಿನಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಮ್ಮಿಬ್ಬರಿಗೆ ಎಂದೆನಲ್ಲ, ನಿಜವಾಗಿ ಗೊತ್ತಿದ್ದದ್ದು ಅಪ್ಪನಿಗೆ ಒಬ್ಬರಿಗೇ. ನನಗಿದ್ದದ್ದು ಅನುಮಾನ ಮಾತ್ರ.

ಹಿಂದಿನ ದಿನ, ಶುಕ್ರವಾರ, ಅಪ್ಪ ಬಟ್ಟೆಯ ಕೈಚೀಲ ಹಿಡಿದು ಹೊರಟರು. ಎಲ್ಲಿಗೆ ಎಂದರೆ "ಸುಮ್ನ ಒಂದು ಸುತ್ತು" ಎಂದರು. ಕೈಚೀಲ ಯಾಕೆ? ಕೇಳುವಷ್ಟರಲ್ಲಿ ಸೈಕಲ್ ದಾರಿ ದಾಟಿದ್ದರು. ನನಗೆ ಮೀಟಿಂಗ್ ಇತ್ತು, ಕಿಟಕಿಯಿಂದ ನೋಡುತ್ತ ಕೂತೆ. ಒಂದೂವರೆ ತಾಸಿಗೆ ವಾಪಸು ಬಂದರು. ಚೀಲ ಖಾಲಿ, ಮುಖ ನಿರಾಳ.

ಶನಿವಾರ ಬೆಳಿಗ್ಗೆ ಏಳೂವರೆಗೆ ಗುಂಪಿನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಕಳಿಸಿದವರು ಬಿಳಿಗಡ್ಡದವರು. ಇವತ್ತು ಸೀಳಬೇಕಾದ ಗುಂಡಿಯ ತಳ. ಅಲ್ಲಿ ಕೆಂಪು ಪುಡಿ, ಎರಡು ಹೋಳಾದ ನಿಂಬೆಹಣ್ಣು, ಚದುರಿದ ಅಕ್ಕಿ, ನಡುವೆ ಸಾಲಾಗಿ ಇಟ್ಟ ಮೂರು ಕಲ್ಲು. ಕೆಳಗೆ ಬರೆದಿದ್ದರು: ಯಾರೋ ರಾತ್ರಿ ಬಂದಿದ್ದಾರೆ. ಈ ಮೂರು ಕಲ್ಲು ಕಬ್ಬಿಣದ ಅದಿರು, ಮೊನ್ನೆ ಇಲ್ಲಿರಲಿಲ್ಲ. ಗುಂಡಿಯನ್ನು ಯಾರೋ ಬೇಕೆಂತಲೇ ಕೆಡಿಸಿದ್ದಾರೆ. ಅರಣ್ಯ ಕಾವಲಿನವರಿಗೆ ತಿಳಿಸಬೇಕು.

ದೇವರ ಗೂಡಿಗೆ ಹೋಗಿ ನೋಡಿದೆ, ಕುಂಕುಮದ ಭರಣಿ ಅರ್ಧ ಖಾಲಿ. ಫ್ರಿಜ್ಜಿನಲ್ಲಿ ನಿಂಬೆಹಣ್ಣು ಒಂದು ಕಡಿಮೆ. ಗೂಟಕ್ಕೆ ನೇತುಹಾಕಿದ್ದ ಕೈಚೀಲವನ್ನು ತಿರುವಿ ಕೊಡವಿದೆ. ಅಡುಗೆಮನೆಯ ಬಿಳಿ ನೆಲದ ಮೇಲೆ ತುಕ್ಕು ಬಣ್ಣದ ಪುಡಿ ಬಿತ್ತು. ಕಲ್ಲು ಹೊತ್ತ ಚೀಲ. ಅದಿರು ಹೊತ್ತ ಚೀಲ. ಅಪ್ಪ ಸ್ನಾನ ಮುಗಿಸಿ ಬಾಗಿಲಲ್ಲಿ ನಿಂತಿದ್ದರು. ಚೀಲ ನನ್ನ ಕೈಯಲ್ಲಿ ತಲೆಕೆಳಗಾಗಿತ್ತು.

"ಆಗ ಮಾಡಿದ್ದನ್ನೇ ಮತ್ತೆ ಮಾಡಿದ್ರಾ ಅಪ್ಪ?" ಎಂದುಬಿಟ್ಟೆ.

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಮೂವತ್ತು ವರ್ಷ ಗಂಟಲಲ್ಲಿಟ್ಟುಕೊಂಡಿದ್ದ ಮಾತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಿವಿ ಒರೆಸಿಕೊಂಡರು. ಒಂದು ಕಿವಿ, ಆಮೇಲೆ ಇನ್ನೊಂದು.

"ಪೂಜಿ ಮಾಡೀನಿ," ಎಂದರು. "ಮೊದಲ್ನೇ ಗುದ್ದಲಿ ಬೀಳೂಕಿಂತ ಮುಂಚೆ ನಾವು ಮಾಡ್ತಿದ್ವಲ್ಲ. ಅಲ್ಲೇ ಸಿಕ್ಕ ಮೂರು ಕಲ್ಲು ಇಟ್ಟು, ಕುಂಕುಮ ಹಚ್ಚಿ, ನಿಂಬಿಹಣ್ಣು ಕೊಯ್ದು, ತಾಯಿ ತಪ್ಪಾತು, ನಿನ್ನ ಮೈ ಮುಟ್ಟಾಕತ್ತೀವಿ ಅನ್ನೋದು. ಇವರು ಬರೇ ಕಾಗದದಾಗ ಪರ್ಮಿಷನ್ ತಗೊಂಡಾರ. ತಾಯಿನ್ನ ಯಾರು ಕೇಳ್ಯಾರ? ಎಲ್ಲಾರ ಮುಂದ ಮಾಡಿದ್ರ ನಿನಗ ಮುಜುಗರ ಆಕ್ಕತಿ ಅಂತ ನಿನ್ನೆನೇ ಮುಗಿಸಿ ಬಂದೆ."

"ಅದಕ್ಕೆ ಅದಿರಿನ ಕಲ್ಲೇ ಬೇಕಿತ್ತಾ?"

"ಆ ಕಡೆ ದಿಬ್ಬದ ದಾರ್ಯಾಗ ಬಿದ್ದಿದ್ದು. ತಾಯಿಗೆ ಮತ್ತೇನು ಇಡ್ಬೇಕು, ಬಿಸ್ಕೀಟಾ?"

ನಾನು ನಂಬಲಿಲ್ಲ. ನೇರವಾಗಿ ಹೇಳುತ್ತೇನೆ, ನಂಬಲಿಲ್ಲ. ಪೂಜೆಯೂ ನಿಜವಿರಬಹುದು, ಬೆರೆಸಿದ್ದೂ ನಿಜವಿರಬಹುದು ಎಂದುಕೊಂಡೆ. ಜೊತೆಗೆ ಇನ್ನೊಂದು ಹೆದರಿಕೆ. ನನ್ನ ಡಚ್ ಪಾಸ್‌ಪೋರ್ಟಿನ ಅರ್ಜಿ ಆಗಷ್ಟೇ ಒಳಗೆ ಹೋಗಿತ್ತು. ಕಾಯ್ದಿಟ್ಟ ಜಾಗ ಕೆಡಿಸಿದರು ಎಂದು ಯಾರಾದರೂ ದೂರು ಬರೆದರೆ? ಕಾರಿನಲ್ಲಿ ಅಪ್ಪನಿಗೆ ತಾಕೀತು ಮಾಡಿದೆ: "ಅಲ್ಲಿ ಬಾಯಿ ಬಿಡಬ್ಯಾಡ್ರಿ. ಕೇಳಿದ್ರೆ ಗೊತ್ತಿಲ್ಲ ಅನ್ರಿ. ನಾನು ಮ್ಯಾನೇಜ್ ಮಾಡ್ತೀನಿ."

ಅಪ್ಪ ಮಂಕಿ ಕ್ಯಾಪ್ ತೆಗೆದು ಮಡಿಲಲ್ಲಿ ಮಡಚಿಟ್ಟುಕೊಂಡರು. ಆಮೇಲೆ, "ಆವಾಗ ನಿಮ್ಮವ್ವ ಒಬ್ಬಾಕಿ ಕೇಳಿದ್ಲು, ಮಾಡೀರೇನು ಅಂತ. ಇಲ್ಲ ಅಂದೆ. ಮುಗೀತು, ರೊಟ್ಟಿ ಬಡಿಯಾಕ ಕುಂತ್ಲು. ನೀನು ಕೇಳ್ಲೇ ಇಲ್ಲ. ಮಂದಿ ಮಾತು ಸುಮ್ನ ನಂಬಿಬಿಟ್ಟಿ," ಎಂದರು.

ಸಿಗ್ನಲ್ ಹಸಿರಾಗಿ ಹಿಂದಿನ ಕಾರಿನವನು ಹಾರ್ನ್ ಮಾಡಿದ.

ದಿಬ್ಬದ ಮೇಲೆ ಎಲ್ಲರೂ ಗುಂಡಿಯ ಸುತ್ತ ನಿಂತಿದ್ದರು. ಬಿಳಿಗಡ್ಡದವರು ಕೈಕಟ್ಟಿಕೊಂಡು ಅಪ್ಪನನ್ನೇ ನೋಡುತ್ತಿದ್ದರು. ನಾನು ಗುಡ್ ಮಾರ್ನಿಂಗ್ ಎಂದೆ, ಹವೆ ಚೆನ್ನಾಗಿದೆ ಎಂದೆ, ಏನೇನೋ ಎಂದೆ. ಅಪ್ಪ ನನ್ನನ್ನು ದಾಟಿ ನೇರ ಮೇಷ್ಟ್ರಮ್ಮನ ಮುಂದೆ ಹೋಗಿ ನಿಂತರು.

"ಮೇಡಂ, ಐ ಡಿಡ್ ದಿಸ್," ಎಂದು ತಮ್ಮ ಆಫೀಸು ಇಂಗ್ಲಿಷಿನಲ್ಲೇ ಮುಂದುವರಿಸಿದರು. "ಕೆಂಪು ಪುಡಿ ನಮ್ಮದು, ನಿಂಬೆಹಣ್ಣು ನಮ್ಮದು, ಕಲ್ಲು ನಾನು ತಂದಿಟ್ಟದ್ದು. ಅದು ನಮ್ಮ ಪದ್ಧತಿ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದು."

ಬಿಳಿಗಡ್ಡದವರು ನಾನು ಹೇಳಲಿಲ್ಲವೇ ಎಂಬಂತೆ ಎಲ್ಲರ ಮುಖ ನೋಡಿದರು. "ಅಗೆಯುವ ಹಿಂದಿನ ದಿನ, ಅದೇ ಗುಂಡಿಗೆ ಅದಿರು ತಂದು ಇಟ್ಟಿದ್ದಾರೆ. ಇದನ್ನು ಏನೆಂದು ಕರೆಯೋಣ?"

ನಾನು ನೆಲ ನೋಡುತ್ತಿದ್ದೆ. ನನ್ನ ಅಪ್ಪ ಅಂಥವರಲ್ಲ ಎಂದು ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು. ಬರಲಿಲ್ಲ. ಮೇಷ್ಟ್ರಮ್ಮ ನಕ್ಷೆ ಮಡಚುತ್ತ, ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದರು: "ಈ ಗುಂಡಿ ಖಾಲಿ ಎಂದು ಮೊದಲ ದಿನದಿಂದ ಹೇಳಿದವರು ಇವರೊಬ್ಬರೇ. ಮೋಸ ಮಾಡುವವರಾಗಿದ್ದರೆ ಇಲ್ಲಿಂದ ಅದಿರು ಎತ್ತಿಕೊಂಡು ಹೋಗುತ್ತಿದ್ದರು. ತಂದು ಇಡುವುದರಿಂದ ಇವರಿಗೇನು ಲಾಭ? ಲಾಭವಾಗುವುದಿದ್ದರೆ ನಿಮಗೆ."

ಬಿಳಿಗಡ್ಡದವರು ಕೆಮ್ಮಿದರು. ಯಾರೋ ನಕ್ಕರು.

ಅಯ್ಯೋ, ಎಂಥ ಸರಳ ಲೆಕ್ಕ! ತಪ್ಪು ಹುಡುಕುವುದೇ ನನ್ನ ಕಸುಬು. ಬೆಳಿಗ್ಗೆ ಏಳೂವರೆಯಿಂದ ಫೋಟೋ ನೋಡಿದ್ದೆ, ಭರಣಿ ನೋಡಿದ್ದೆ, ಚೀಲ ಕೊಡವಿದ್ದೆ. ಇಷ್ಟು ಮಾತ್ರ ನನಗೆ ಹೊಳೆದಿರಲಿಲ್ಲ. ಒಂದೂವರೆ ತಿಂಗಳ ಪರಿಚಯದ ಹೆಂಗಸಿಗೆ ಎರಡು ನಿಮಿಷ ಸಾಕಾಗಿತ್ತು. ಅಲ್ಲೇ ಗುಂಡಿಗೆ ಇಳಿದು ಮುಚ್ಚಿಕೊಳ್ಳೋಣ ಎನ್ನಿಸಿತು.

ಪುರಾತತ್ವದ ಯುವತಿ ಕಲ್ಲುಗಳನ್ನೂ ನಿಂಬೆಹೋಳುಗಳನ್ನೂ ಹುಷಾರಾಗಿ ಎತ್ತಿ ಪಕ್ಕಕ್ಕಿಟ್ಟಳು. ಕುಂಕುಮ ಬಿದ್ದ ಮೇಲುಮಣ್ಣನ್ನು ಕೆರೆದು ತೆಗೆದು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ಬೂದಿ ಬಣ್ಣದ ಮರಳು, ಅದರ ಕೆಳಗೆ ಕಂದು, ಅದರ ಕೆಳಗೆ ಹಳದಿ. ತಳ ಮುಟ್ಟಿದಾಗ ಅವಳು ಬ್ರಷ್ಷಿನಿಂದ ಸವರಿ ಎಲ್ಲರನ್ನೂ ಹತ್ತಿರ ಕರೆದಳು. ಹಳದಿ ಮರಳಿನಲ್ಲಿ ಗುದ್ದಲಿ ಬಿದ್ದ ಒಂದು ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟೇ. ಅದಿರಿನ ಒಂದು ಚೂರೂ ಇರಲಿಲ್ಲ. ಯಾವನೋ ಒಬ್ಬ ಅಲ್ಲಿವರೆಗೆ ಅಗೆದು, ಇಲ್ಲ ಎಂದುಕೊಂಡು, ಎದ್ದುಹೋಗಿದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಳಿಗಡ್ಡದವರು, ಒಳ್ಳೆಯವರೇ ಪಾಪ, ಬಂದು ಅಪ್ಪನ ಕೈ ಕುಲುಕಿ ತಮ್ಮ ಫ್ಲಾಸ್ಕಿನ ಕಾಫಿ ಕೊಟ್ಟರು. ಸಕ್ಕರೆಯಿಲ್ಲದ ಆ ಕಾಫಿಯನ್ನು ಅಪ್ಪ ಮುಖ ಹಿಂಡದೆ ಕುಡಿದರು. ಮೇಷ್ಟ್ರಮ್ಮ ತಮ್ಮ ನಕ್ಷೆಯಲ್ಲಿ ಆ ಸಾಲಿನ ಪಕ್ಕ ಏನನ್ನೋ ಬರೆದು ಅಪ್ಪನಿಗೆ ತೋರಿಸಿದರು. ಹುಡುಕಿದ ಗುಂಡಿಗಳು ಎಂದು ಡಚ್ಚಿನಲ್ಲಿ ಬರೆದಿದ್ದರು. ನಾನು ಓದಿ ಹೇಳಿದೆ. ಅಪ್ಪ ತಲೆಯಾಡಿಸಿದರು. ಅವರು ಗೆದ್ದ ಖುಷಿಯಲ್ಲಿರಲಿಲ್ಲ, ದಣಿದಿದ್ದರು.

ಮನೆಗೆ ಹಿಂತಿರುಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ನಮ್ಮ ಬೀದಿ ಬಂತು. ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದೆ.

"ಅಪ್ಪ, ತಪ್ಪಾಯ್ತು. ಆಗ ನೀವು ಬೆರೆಸಿರಲಿಲ್ಲ. ನನಗೀಗ ಗೊತ್ತು."

"ಹೆಂಗ ಗೊತ್ತಾತು?"

"ಇವತ್ತು ಕಣ್ಣಾರೆ ನೋಡಿದೆನಲ್ಲ."

ಅಪ್ಪ ಸೀಟ್ ಬೆಲ್ಟ್ ಬಿಚ್ಚಲು ಹುಡುಕುತ್ತಿದ್ದರು. ಅದು ಅವರಿಗೆ ಯಾವತ್ತೂ ಬೇಗ ಸಿಗುತ್ತಿರಲಿಲ್ಲ. ನಾನು ಬಾಗಿ ಗುಂಡಿ ಒತ್ತಿದೆ.

"ಅಲ್ಲವ್ವಾ," ಎಂದರು ಮೆತ್ತಗೆ. ಅವರಿಗೆ ಸಿಟ್ಟು ಇರಲಿಲ್ಲ, ಅದೇ ನನ್ನನ್ನು ಕೊಂದದ್ದು. "ಇವತ್ತು ತಳದಾಗ ಒಂದು ಚೂರು ಅದಿರು ಸಿಕ್ಕಿತ್ತಂದ್ರ? ನನ್ನ ಲೆಕ್ಕ ತಪ್ಪಿತ್ತಂದ್ರ? ಆವಾಗ ಏನಂತಿದ್ದಿ?"

ನಾನು ಏನನ್ನುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಅವರು ಬಾಗಿಲು ತೆಗೆದು ಇಳಿದು, ಬೂಟಿನ ಮರಳು ಕೊಡವಲು ಮೆಟ್ಟಿಲ ಮೇಲೆ ಕೂತರು.